ದೊಡ್ಡಪ್ಪನ ಟ್ರಂಕಿನಲ್ಲಿ ಸಿಕ್ಕಿದ ಶ್ರೀಲಂಕಾ ಕಾಲದ ಪದಕ ಶೌರ್ಯ ಪದಕವೇ ಅಂತ ತಿಳಿಯುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದಷ್ಟು: ದೊಡ್ಡಪ್ಪ ಶ್ರೀಲಂಕಾದ ಅಂತರ್ಯುದ್ಧದ ಸಮಯದಲ್ಲಿ ಭಾರತದ ಶಾಂತಿ ಪಾಲನಾ ಪಡೆಯಲ್ಲಿದ್ದರು, ಈಗಿಲ್ಲ. ಅರಕಲಗೂಡು ಕಡೆಯ ಮನೆಯ ಅಟ್ಟದ ಟ್ರಂಕಿನಲ್ಲಿ ಐದು ಪದಕ ಸಿಕ್ಕಿವೆ. ಶೌರ್ಯಕ್ಕೆ ಕೊಟ್ಟಿದ್ದು ಅಂತ ಊರವರ ಮಾತು. ಜನವರಿ 26ಕ್ಕೆ ಶಾಲೆ ಮುಂದೆ ಕಲ್ಲು ನಿಲ್ಲಿಸಬೇಕು, ದೊಡ್ಡಮ್ಮನಿಗೆ ಏನಾದರೂ ಬರಬೇಕಿದ್ದರೆ ಅದೂ ತಿಳಿಯಬೇಕು.

ಮೊದಲು ಒಂದು ಮಾತು. ಪದಕಗಳನ್ನು ಹುಣಸೆಹಣ್ಣು, ಸಬೀನಾ, ಬ್ರಾಸೋ ಹಾಕಿ ಉಜ್ಜಬೇಡಿ. ಅಟ್ಟದ ಹೊಗೆ, ಮಳೆಗಾಲದ ತೇವ ಸೇರಿ ಕಿಲುಬು ಹಿಡಿದಿರುತ್ತದೆ, ಕೈ ತುರಿಸುತ್ತದೆ, ಗೊತ್ತು. ಆದರೆ ಪದಕ ಯಾರದ್ದು ಅನ್ನುವ ಸಾಕ್ಷಿ ಅದರ ಅಂಚಿನ ಮೇಲಿದೆ. ಬಿಲ್ಲೆಯನ್ನು ಅಡ್ಡ ಹಿಡಿದು ಅಂಚನ್ನು ಬೆಳಕಿಗೆ ತಿರುಗಿಸಿದರೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಸೈನಿಕನ ನಂಬರು, ದರ್ಜೆ, ಹೆಸರು, ಸಾಮಾನ್ಯವಾಗಿ ರೆಜಿಮೆಂಟಿನ ಸಂಕ್ಷಿಪ್ತ ಹೆಸರೂ ಕಾಣುತ್ತವೆ. ಆ ಗೀರು ಆಳವಿರುವುದಿಲ್ಲ, ನಾಲ್ಕು ಸಲ ಪಾಲಿಶ್ ಹಾಕಿದರೆ ಹೋಗೇ ಹೋಯಿತು. ಒಣಗಿದ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ ಸಾಕು. ಓದಲಾಗದಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಅಂಚು ಖಾಲಿ ಇದ್ದರೆ ಗಾಬರಿ ಬೇಡ. ಸಮವಸ್ತ್ರದ ಮೇಲೆ ಹಾಕಲು ಕ್ಯಾಂಟೀನಿನ ಅಕ್ಕಪಕ್ಕದ ಅಂಗಡಿಗಳಲ್ಲಿ ನಕಲು ಪದಕ ಹೊಲಿಸಿಕೊಳ್ಳುವುದು ಸೇನೆಯಲ್ಲಿ ಮಾಮೂಲಿ. ಅಸಲಿ ಬೇರೆ ಡಬ್ಬಿಯಲ್ಲಿರಬಹುದು, ಟ್ರಂಕಿನ ತಳದ ಪೇಪರ್ ಕೆಳಗೂ ನೋಡಿ.

ಈಗ ಯಾವುದು ಶೌರ್ಯದ್ದು, ಯಾವುದು ಸೇವೆಯದ್ದು ಅನ್ನುವುದು. ಐದು ಪದಕ ಇವೆ ಅಂದ ಮಾತ್ರಕ್ಕೆ ಐದು ಸಾಹಸ ಅಂತಲ್ಲ. 9 ವರ್ಷ, 20 ವರ್ಷ ಸೇವೆ ಮುಗಿಸಿದವರಿಗೆ ಪದಕವಿದೆ, 1997ರಲ್ಲಿ ಸ್ವಾತಂತ್ರ್ಯದ 50ನೇ ವರ್ಷಕ್ಕೆ ಸೇವೆಯಲ್ಲಿದ್ದವರಿಗೆಲ್ಲ ಒಂದು ಬಂತು. ರಿಬ್ಬನ್ ಮೇಲೆ ಜಾಗದ ಅಥವಾ ಕಾರ್ಯಾಚರಣೆಯ ಹೆಸರಿನ ಸಣ್ಣ ಲೋಹದ ಪಟ್ಟಿ ಇದ್ದರೆ ಅದು 'ಅಲ್ಲಿ ಕೆಲಸ ಮಾಡಿದ್ದಾರೆ' ಅನ್ನುವ ಸೇವಾ ಪದಕ. ಶ್ರೀಲಂಕಾ ಅಂತ ಬರೆದ ಪಟ್ಟಿ ನೋಡಿ ಶೌರ್ಯ ಪದಕ ಅಂದುಕೊಳ್ಳುವವರೇ ಹೆಚ್ಚು.

ಶೌರ್ಯ ಪದಕಗಳು ಬೆರಳೆಣಿಕೆಯಷ್ಟು. ಪರಮವೀರ ಚಕ್ರ ಕಂಚಿನದು, ನೇರಳೆ ರಿಬ್ಬನ್, ಮುಖದ ಮೇಲೆ ನಾಲ್ಕು ವಜ್ರಾಯುಧ. ಮಹಾವೀರ ಚಕ್ರ ಬೆಳ್ಳಿಯದು, ರಿಬ್ಬನ್ ಅರ್ಧ ಬಿಳಿ ಅರ್ಧ ಕೇಸರಿ. ವೀರ ಚಕ್ರವೂ ಬೆಳ್ಳಿಯದು, ರಿಬ್ಬನ್ ಅರ್ಧ ಕಡುನೀಲಿ ಅರ್ಧ ಕೇಸರಿ, ಮುಖದ ಮೇಲೆ ಐದು ಮೂಲೆಯ ನಕ್ಷತ್ರ. ಇನ್ನೊಂದು ಸಾಲಿನ ಮೂರಕ್ಕೆ ಹಸಿರು ರಿಬ್ಬನ್: ಅಶೋಕ ಚಕ್ರಕ್ಕೆ ಅದರ ಮೇಲೆ ಒಂದು ಕೇಸರಿ ಗೆರೆ, ಕೀರ್ತಿ ಚಕ್ರಕ್ಕೆ ಎರಡು, ಶೌರ್ಯ ಚಕ್ರಕ್ಕೆ ಮೂರು. ಇವೆಲ್ಲದರ ಕೆಳಗೆ ಸೇನಾ ಮೆಡಲ್, ಕೆಂಪು ರಿಬ್ಬನ್ ನಡುವೆ ಬಿಳಿ ಗೆರೆ, ಮುಖದ ಮೇಲೆ ಮೊನೆ ಮೇಲಾದ ಬಯೋನೆಟ್, ಹಿಂದೆ ನಿಂತ ಜವಾನ. ಐದೂ ಒಂದೇ ಕಂಬಿಗೆ ಹೊಲಿದಿದ್ದರೆ ಎದುರಿಗೆ ನಿಂತು ನೋಡುವಾಗ ನಿಮ್ಮ ಎಡತುದಿಯಲ್ಲಿರುವುದೇ ಎಲ್ಲಕ್ಕಿಂತ ದೊಡ್ಡದು. ಅಲ್ಲಿಂದ ಶುರುಮಾಡಿ.

ಎಡವುವ ಜಾಗ ಎರಡು. ಒಂದು, ಸೈನ್ಯ ಸೇವಾ ಮೆಡಲ್. ಹೆಸರು ಸೇನಾ ಮೆಡಲ್‌ನಂತೆ ಕೇಳುತ್ತದೆ, ಆದರೆ ಅದು ಕಷ್ಟದ ಪ್ರದೇಶದಲ್ಲಿ ಸೇವೆ ಸಲ್ಲಿಸಿದ್ದಕ್ಕೆ. ಎರಡನೆಯದು ಇನ್ನೂ ಸೂಕ್ಷ್ಮ: ಸೇನಾ ಮೆಡಲ್ ಶೌರ್ಯಕ್ಕೂ ಕೊಡುತ್ತಾರೆ, ವಿಶಿಷ್ಟ ಕರ್ತವ್ಯನಿಷ್ಠೆಗೂ ಕೊಡುತ್ತಾರೆ. ಪದಕ ಒಂದೇ, ರಿಬ್ಬನ್ ಒಂದೇ. ಯಾವುದಕ್ಕೆ ಕೊಟ್ಟಿದ್ದು ಅಂತ ಪದಕ ನೋಡಿ ಯಾರೂ ಹೇಳಲಾರರು, ಕಾಗದವೇ ಹೇಳಬೇಕು. ಇದರ ಜೊತೆಗೆ ಸೇವಾ ಪದಕದ ರಿಬ್ಬನ್ ಮೇಲೆ ಕಮಲದ ಎಲೆಯ ಸಣ್ಣ ಲಾಂಛನ ಕಂಡರೆ ಅದನ್ನು ಕಿತ್ತು ಬಿಸಾಡಬೇಡಿ. ಯುದ್ಧ ವರದಿಯಲ್ಲಿ ಹೆಸರು ಉಲ್ಲೇಖವಾದ ಗುರುತು ಅದು. ಅದಕ್ಕೆ ಬೇರೆ ಪದಕವೇ ಇಲ್ಲ.

ಬೇರೆ ದೇಶದ ಅಂತರ್ಯುದ್ಧಕ್ಕೆ ವೀರ ಚಕ್ರ ಹೇಗೆ ಬರುತ್ತದೆ, ಅದು ಯುದ್ಧಕ್ಕೆ ತಾನೇ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಪರಮವೀರ, ಮಹಾವೀರ, ವೀರ ಈ ಮೂರೂ ಶತ್ರುವಿನ ಎದುರಿನ ಶೌರ್ಯಕ್ಕೆ. ಅಶೋಕ, ಕೀರ್ತಿ, ಶೌರ್ಯ ಆ ಸಂದರ್ಭಕ್ಕೆ ಹೊರತಾದ ಶೌರ್ಯಕ್ಕೆ. ಕಾಶ್ಮೀರದಲ್ಲೋ ಈಶಾನ್ಯದಲ್ಲೋ ಉಗ್ರರ ಜೊತೆ ಕಾದಾಡಿದವರಿಗೆ ಸಾಮಾನ್ಯವಾಗಿ ಎರಡನೇ ಸಾಲು ಸಿಗುತ್ತದೆ. ಶ್ರೀಲಂಕಾದಲ್ಲಿ ಎದುರಿಗಿದ್ದದ್ದು ಒಂದು ದೇಶದ ಸೇನೆಯಲ್ಲ, ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ. ಯುದ್ಧ ಘೋಷಣೆಯೂ ಇರಲಿಲ್ಲ. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು, ಮರುದಿನದಿಂದ ನಮ್ಮ ಪಡೆ ಇಳಿಯಿತು. ಆಯುಧ ಕೆಳಗಿಡಿಸಲು ಹೋದವರು ಅಕ್ಟೋಬರ್‌ನಲ್ಲಿ ಆಪರೇಷನ್ ಪವನ್ ಅಂತ ಜಾಫ್ನಾ ಹಿಡಿಯಲು ಹೊರಟರು. 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿ ವಾಪಸ್. ಸಾವಿರಕ್ಕೂ ಹೆಚ್ಚು ಮಂದಿ ಹಿಂದಿರುಗಲಿಲ್ಲ. ಇಷ್ಟಾದ ಮೇಲೆ ಸರ್ಕಾರ ಅಲ್ಲಿನ ಕಾದಾಟಕ್ಕೆ ಯುದ್ಧದ ಸಾಲಿನ ಪದಕಗಳನ್ನೇ ಕೊಟ್ಟಿತು.

ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರದ್ದು ಇದರಲ್ಲಿ ಎತ್ತಿ ಹೇಳಬೇಕಾದ್ದು. 8 ಮಹಾರ್ ಬೆಟಾಲಿಯನ್ನಿನವರು. 1987ರ ನವೆಂಬರ್ 25ರ ರಾತ್ರಿ ಶೋಧ ಮುಗಿಸಿ ಬರುವಾಗ ಅವರ ತಂಡದ ಮೇಲೆ ಹೊಂಚುದಾಳಿಯಾಯಿತು. ಅವರು ಹಿಂದೆ ಸರಿಯಲಿಲ್ಲ, ಹಿಂಬದಿಯಿಂದ ಬಳಸಿ ದಾಳಿಕಾರರ ಮೇಲೇ ನುಗ್ಗಿದರು. ಎದೆಗೆ ಗುಂಡು ಬಿದ್ದ ಮೇಲೂ ಎದುರಿಗಿದ್ದವನ ರೈಫಲ್ ಕಿತ್ತುಕೊಂಡು ಅವನನ್ನು ಹೊಡೆದರು, ಪ್ರಾಣ ಹೋಗುವವರೆಗೆ ಆಜ್ಞೆ ಕೊಡುತ್ತಲೇ ಇದ್ದರು. ಆ ಇಡೀ ಕಾರ್ಯಾಚರಣೆಯ ಏಕೈಕ ಪರಮವೀರ ಚಕ್ರ ಅದು, ಮರಣೋತ್ತರ. ಇದಕ್ಕೂ ಮೊದಲೇ ಮೇಲ್ಪಂಕ್ತಿ ಇತ್ತು: ಕಾಂಗೋದ ಒಳಜಗಳದಲ್ಲಿ ವಿಶ್ವಸಂಸ್ಥೆಯ ಪಡೆಯಲ್ಲಿದ್ದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ, 1961ರ ಡಿಸೆಂಬರ್ 5, ಎಲಿಜಬೆತ್‌ವಿಲ್. ಅವರಿಗೂ ಪರಮವೀರವೇ. ಹಾಗಾಗಿ ಪದಕದ ಸಾಲು ಆ ಕಾದಾಟವನ್ನು ಸರ್ಕಾರ ಏನೆಂದು ಪರಿಗಣಿಸಿತು ಅನ್ನುವುದನ್ನು ಹೇಳುತ್ತದೆ, ಧೈರ್ಯದ ತೂಕವನ್ನಲ್ಲ. ವೀರ ಚಕ್ರದ ಬದಲು ಶೌರ್ಯ ಚಕ್ರ ಸಿಕ್ಕಿತು ಅಂತ ಯಾರಾದರೂ ಮೂಗು ಮುರಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು ಕಾಗದ. ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್ ಹುಡುಕಿ, ಪದಕಗಳಿಗೆ ಅದರಲ್ಲಿ ಬೇರೆ ಜಾಗವಿದೆ. ಸಿಗದಿದ್ದರೆ ದೊಡ್ಡಮ್ಮನ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ ತೆಗೆಯಿರಿ, ಅದರಲ್ಲಿ ಆರ್ಮಿ ನಂಬರ್ ಇರುತ್ತದೆ. ನಂಬರೇ ಅರ್ಧ ಜಾತಕ. ಐಸಿ ಅಂತ ಶುರುವಾದರೆ ಅಧಿಕಾರಿ, ಜೆಸಿ ಆದರೆ ಸುಬೇದಾರ್ ವರ್ಗ. ಬರೀ ಅಂಕಿಯಿಂದ ಶುರುವಾಗಿ ಕೊನೆಗೊಂದು ಇಂಗ್ಲಿಷ್ ಅಕ್ಷರವಿದ್ದರೆ ಜವಾನರಿಂದ ಹವಾಲ್ದಾರ್‌ವರೆಗಿನವರು. ಏಳು ಅಂಕಿಯ ಹಳೇ ನಂಬರು 25ರಿಂದ ಶುರುವಾದರೆ ಸಾಮಾನ್ಯವಾಗಿ ಮದ್ರಾಸ್ ರೆಜಿಮೆಂಟ್, 27 ಆದರೆ ಮರಾಠಾ, 45 ಆದರೆ ಮಹಾರ್. ಯಾವ ರೆಜಿಮೆಂಟ್ ಅಂತ ತಿಳಿದ ಮೇಲೆ ಅದರ ರೆಕಾರ್ಡ್ಸ್ ಕಚೇರಿಗೆ ಬರೆಯಬೇಕು. ಮದ್ರಾಸ್ ರೆಜಿಮೆಂಟಿಗೆ ಊಟಿ ಹತ್ತಿರದ ವೆಲ್ಲಿಂಗ್ಟನ್, ಮರಾಠಾಕ್ಕೆ ಬೆಳಗಾವಿ, ಎಂಇಜಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಆರ್ಟಿಲರಿಗೆ ನಾಸಿಕ್ ರೋಡ್, ಇಎಂಇಗೆ (ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಎಂಜಿನಿಯರುಗಳ ದಳ) ಸಿಕಂದರಾಬಾದ್, ಮಹಾರ್‌ಗೆ ಮಧ್ಯಪ್ರದೇಶದ ಸಾಗರ. ಇದು ನಮ್ಮ ಶಿವಮೊಗ್ಗದ ಸಾಗರವಲ್ಲ, ವಿಳಾಸ ಬರೆಯುವಾಗ ಜೋಪಾನ.

ಪತ್ರ ದೊಡ್ಡಮ್ಮನ ಹೆಸರಿನಲ್ಲೇ ಹೋಗಲಿ, ಸಹಿ ಅಥವಾ ಹೆಬ್ಬೆಟ್ಟು ಅವರದ್ದೇ ಇರಲಿ. ಅಣ್ಣನ ಮಗ, ತಮ್ಮನ ಮಗ ಬರೆದರೆ ಖಾಸಗಿ ಮಾಹಿತಿ ಕೊಡಲಾಗದು ಅಂತ ಉತ್ತರ ಬರುವ ಸಂಭವವೇ ಹೆಚ್ಚು. ನಂಬರು, ದರ್ಜೆ, ಹೆಸರು, ಸೇರಿದ ಮತ್ತು ನಿವೃತ್ತಿಯಾದ ವರ್ಷ, ಪಿಪಿಒ ಪ್ರತಿ, ಮರಣ ಪ್ರಮಾಣಪತ್ರ, ದೊಡ್ಡಮ್ಮನ ಗುರುತಿನ ಚೀಟಿ, ಪದಕದ ಎರಡೂ ಬದಿ ಮತ್ತು ಅಂಚಿನ ಫೋಟೋ ಇಡಿ. ಕೇಳಬೇಕಾದ್ದು ಎರಡೇ: ಯಾವ ಪದಕ ಯಾವ ಗೆಜೆಟ್ ಅಧಿಸೂಚನೆಯಲ್ಲಿ ಬಂತು, ಮತ್ತು ಅದರ ಪ್ರಶಸ್ತಿ ವಾಚನದ (ಯಾತಕ್ಕೆ ಕೊಟ್ಟರು ಅಂತ ವಿವರಿಸುವ ಸೈಟೇಷನ್) ಪ್ರತಿ. ಪತ್ರ ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಮೂಲಕ ಹೋದರೆ ಒಳ್ಳೆಯದು. ಅವರಿಗೆ ಆ ಕಚೇರಿಗಳ ಭಾಷೆ ಗೊತ್ತು, ಮುಂದೆ ಹಣದ ವಿಷಯಕ್ಕೂ ಅವರೇ ಬೇಕು. ಉತ್ತರ ಬರದಿದ್ದರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ದೊಡ್ಡಮ್ಮನೇ ಅರ್ಜಿ ಹಾಕಲಿ, 30 ದಿನದಲ್ಲಿ ಉತ್ತರಿಸಬೇಕು.

ಪರಮವೀರದಿಂದ ಶೌರ್ಯ ಚಕ್ರದವರೆಗೆ ಪಡೆದವರ ಹೆಸರುಗಳು ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ಜಾಲತಾಣದಲ್ಲಿವೆ, ಪತ್ರಕ್ಕೆ ಮುಂಚೆ ಅಲ್ಲಿ ಹುಡುಕಿ. ನಮ್ಮ ಕಡೆಯ ಹೆಸರುಗಳು ಸೇನೆಯ ಕಡತದಲ್ಲಿ ಏನೇನೋ ಆಗಿರುತ್ತವೆ. ಗೌಡ ಗೌಡಾ ಆಗಿರುತ್ತದೆ, ಇನಿಷಿಯಲ್ ಹಿಗ್ಗಿ ಅಪ್ಪನ ಹೆಸರೇ ಮೊದಲಿಗೆ ಬಂದಿರುತ್ತದೆ, ಅರಕಲಗೂಡು ಅರ್ಕಲ್‌ಗುಡ್ ಆಗಿರುತ್ತದೆ. ಅಂಚಿನ ಮೇಲಿನ ಕಾಗುಣಿತದಲ್ಲೇ ಹುಡುಕಿ, ಸಿಗದಿದ್ದರೆ ಬೆಟಾಲಿಯನ್ ಹಿಡಿದು ಹುಡುಕಿ.

ದೊಡ್ಡಮ್ಮನ ವಿಷಯ. ಶೌರ್ಯ ಪದಕಕ್ಕೆ ಪಿಂಚಣಿಯ ಹೊರತಾಗಿ ತಿಂಗಳ ಭತ್ಯೆ ಇದೆ. 2017ರ ಆಗಸ್ಟ್ 1ರಿಂದ ದುಪ್ಪಟ್ಟಾದ ಕೇಂದ್ರದ ದರದಂತೆ ಪರಮವೀರಕ್ಕೆ 20,000 ರೂಪಾಯಿ, ಅಶೋಕ ಚಕ್ರಕ್ಕೆ 12,000, ಮಹಾವೀರಕ್ಕೆ 10,000, ಕೀರ್ತಿಗೆ 9,000, ವೀರ ಚಕ್ರಕ್ಕೆ 7,000, ಶೌರ್ಯ ಚಕ್ರಕ್ಕೆ 6,000, ಶೌರ್ಯಕ್ಕಾಗಿ ಕೊಟ್ಟ ಸೇನಾ ಮೆಡಲ್‌ಗೆ 2,000. ಕರ್ತವ್ಯನಿಷ್ಠೆಯ ಸೇನಾ ಮೆಡಲ್‌ಗೆ ಈ ಭತ್ಯೆ ಇಲ್ಲ, ಗೆಜೆಟ್ ಪ್ರತಿ ಹಟ ಹಿಡಿದು ತರಿಸಿ ಅಂದದ್ದು ಇದಕ್ಕೇ. ಪದಕ ಪಡೆದವರ ನಂತರ ಭತ್ಯೆ ಪತ್ನಿಗೆ ಹೋಗುತ್ತದೆ. ಆದರೆ ಕುಟುಂಬ ಪಿಂಚಣಿ ಶುರುವಾಗುವಾಗ ಪದಕದ ವಿವರ ಪಿಪಿಒಗೆ ಏರದಿದ್ದರೆ ಅದು ತಾನಾಗಿ ಬರುವುದಿಲ್ಲ. ದೊಡ್ಡಮ್ಮನ ಪಿಪಿಒದಲ್ಲಿ ಭತ್ಯೆಯ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ರೆಕಾರ್ಡ್ಸ್ ಕಚೇರಿ ಪ್ರಯಾಗರಾಜ್‌ನ ಪಿಂಚಣಿ ಲೆಕ್ಕ ಕಚೇರಿಗೆ ತಿದ್ದುಪಡಿ ಕಳಿಸಬೇಕು, ಬಾಕಿಯನ್ನೂ ಆ ಅರ್ಜಿಯಲ್ಲೇ ಕೇಳಿ. ಚಕ್ರ ಪ್ರಶಸ್ತಿಯಾಗಿದ್ದರೆ ರೈಲು ಪಾಸಿಗೂ ಅವರು ಅರ್ಹರು. ರಾಜ್ಯ ಸರ್ಕಾರದ ನಗದು ಬೇರೆಯೇ ಇದೆ, ಆಗಾಗ ಬದಲಾಗುವುದರಿಂದ ಮೊತ್ತವನ್ನು ಹಾಸನದ ಕಚೇರಿಯಲ್ಲೇ ಕೇಳಿ.

ಪದಕ ಇಡುವುದು: ಪ್ಲಾಸ್ಟಿಕ್ ಕವರ್, ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಮೂರೂ ಬೇಡ. ರಬ್ಬರ್, ಉಣ್ಣೆಯ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ತೊಳೆದ ಬಿಳಿ ಹತ್ತಿ ಬಟ್ಟೆ, ಗಾಳಿಯಾಡುವ ಡಬ್ಬಿ, ಒಂದು ಸಿಲಿಕಾ ಪೊಟ್ಟಣ ಸಾಕು. ಫ್ರೇಮ್ ಹಾಕಿಸಿದರೆ ಬಿಸಿಲು ಬೀಳದ ಗೋಡೆಗೆ ಹಾಕಿ, ರಿಬ್ಬನ್ ಬಣ್ಣ ಬಿಡುತ್ತದೆ.

ಕಲ್ಲಿನ ಮಾತಿಗೆ ಬರೋಣ. ಶೌರ್ಯಕ್ಕೆ ಕಲ್ಲು ನಿಲ್ಲಿಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವೇ ಕಾಳಗದಲ್ಲಿ ಹೋರಾಡಿದವನಿಗೆ ಊರು ಬಿಟ್ಟುಕೊಟ್ಟ ದಾಖಲೆ. ಅದರಲ್ಲಿ ಯಾರಿಗೆ, ಯಾತಕ್ಕೆ, ಏನು ಕೊಟ್ಟರು ಅಂತ ಕೆಲವೇ ಸಾಲುಗಳಲ್ಲಿ ಇದೆ, ಅದನ್ನು ಅಳಿದವನಿಗೆ ಪಾಪ ಅಂತಲೂ ಇದೆ. ನಿಮ್ಮದೂ ಅಷ್ಟೇ ಚುಟುಕಾಗಿರಲಿ. ಹೆಸರು, ನಂಬರು, ಬೆಟಾಲಿಯನ್, ಪದಕ, ಆಪರೇಷನ್ ಪವನ್, ಜಾಗ, ದಿನಾಂಕ. ದರ್ಜೆ ಬರೆಯುವಾಗ ಘಟನೆಯ ದಿನದ್ದು ಬರೆಯಿರಿ. ಅಂಚಿನ ಮೇಲೆ ನಾಯಕ್ ಅಂತಿದ್ದು ನಿವೃತ್ತಿ ಹೊತ್ತಿಗೆ ಸುಬೇದಾರ್ ಆಗಿದ್ದರೆ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿ. ದಿನಾಂಕಗಳೂ ಮೂರು ಇರುತ್ತವೆ: ಕಾದಾಡಿದ್ದು, ಪ್ರಶಸ್ತಿ ಘೋಷಣೆಯಾದದ್ದು, ಪದಕ ಕೈಗೆ ಬಂದದ್ದು. ಕಲ್ಲಿಗೆ ಮೊದಲನೆಯದು. ಬಣ್ಣದ ಅಕ್ಷರ ಎರಡು ಮಳೆಗಾಲ ತಾಳುವುದಿಲ್ಲ, ಕೆತ್ತಿಸಿಯೇ ಹಾಕಿಸಿ. ಕೆತ್ತುವವರಿಗೆ ಗೆಜೆಟ್ ಪ್ರತಿ ಬರುವವರೆಗೆ ಮುಂಗಡ ಕೊಡಬೇಡಿ. ಜನವರಿಗೆ ಕಾಗದ ಬರದಿದ್ದರೆ ಆಗಸ್ಟ್ 15ಕ್ಕೆ ಇಟ್ಟುಕೊಳ್ಳಿ.