ಹ್ಯಾಂಬರ್ಗ್‌ನಲ್ಲಿ ಎರಡೂ ದಿನ ಮಳೆಯಂತೆ, ಹೋಗೋದಾ ಬಿಡೋದಾ?

ನಿಮ್ಮ ಪ್ರಶ್ನೆ ಇಷ್ಟು: ಹ್ಯಾನೋವರ್‌ನಲ್ಲಿ ಮಾಸ್ಟರ್ಸ್ ಓದುತ್ತಿರುವ ಐದು ಜನ, ನವೆಂಬರ್ ಮಧ್ಯದ ಶನಿವಾರ-ಭಾನುವಾರ ಹ್ಯಾಂಬರ್ಗ್‌ಗೆ ಹೊರಟಿದ್ದೀರಿ. ಒಂದು ರಾತ್ರಿಗೆ ಹಾಸ್ಟೆಲ್ ಬುಕ್ ಆಗಿದೆ, ಇಬ್ಬರು ಸಸ್ಯಾಹಾರಿಗಳು. ಈಗ ಆ್ಯಪ್ ತೆಗೆದರೆ ಎರಡೂ ದಿನ ಮಳೆ. ಕ್ಯಾನ್ಸಲ್ ಮಾಡಬೇಕಾ?

ಬೇಡ. ಅಲ್ಲಿ ಬಿಸಿಲಿಗೆ ಕಾದರೆ ಮಾರ್ಚ್‌ವರೆಗೂ ಹೋಗೋಕಾಗಲ್ಲ. ಇನ್ನೊಂದು ವಿಷಯ ಕೇಳಿದರೆ ಆಶ್ಚರ್ಯವಾಗಬಹುದು: ಹ್ಯಾಂಬರ್ಗ್‌ನ ವಾರ್ಷಿಕ ಮಳೆ 800 ಮಿ.ಮೀ. ಆಸುಪಾಸು, ಬೆಂಗಳೂರಿನದು 900ಕ್ಕೂ ಮೇಲೆ. ನಮ್ಮಲ್ಲಿ ಒಂದು ಸಂಜೆ ಧೋ ಎಂದು ಸುರಿದು ಮುಗಿಯುವುದನ್ನು ಅಲ್ಲಿ ವಾರಗಟ್ಟಲೆ ಜಿಟಿಜಿಟಿ ಅಂತ ಹಂಚಿ ಸುರಿಸುತ್ತದೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಆ್ಯಪ್‌ನಲ್ಲಿ ಮೋಡದ ಚಿತ್ರ ನೋಡಿ ಹೆದರಬೇಡಿ. ನೋಡಬೇಕಾದ್ದು ಗಾಳಿಯ ಅಂಕಿ. ಗಂಟೆಗೆ 30 ಕಿ.ಮೀ. ಒಳಗಿದ್ದರೆ ಇಡೀ ದಿನ ಸೋನೆ ಹಿಡಿದರೂ ಓಡಾಡಬಹುದು. ಹೊಡೆತ 60 ದಾಟಿದರೆ ಮಳೆ ಅಡ್ಡಡ್ಡ ಬರುತ್ತದೆ, ಛತ್ರಿ ತಿರುವುಮುರುವಾಗಿ ಕಡ್ಡಿ ಮುರಿಯುತ್ತದೆ, ಸೇತುವೆ-ದಕ್ಕೆಗಳ ಮೇಲೆ ನಿಂತು ಫೋಟೋ ತೆಗೆಯುವ ಆಸೆ ಬಿಡಬೇಕು.

ಟ್ರಿಪ್ ಹಾಳು ಮಾಡುವುದು ಆಕಾಶಕ್ಕಿಂತ ಹೆಚ್ಚಾಗಿ ಕಾಲು. ಕ್ಯಾನ್ವಾಸ್ ಶೂ, ಜೀನ್ಸ್ ಹಾಕಿ ಹೋದವರು ಬೆಳಗ್ಗೆ ಹನ್ನೊಂದಕ್ಕೆ ಒದ್ದೆಯಾದರೆ ರಾತ್ರಿವರೆಗೂ ಒಣಗುವುದಿಲ್ಲ, ಆರೇಳು ಡಿಗ್ರಿಯಲ್ಲಿ ಒದ್ದೆ ಹತ್ತಿಬಟ್ಟೆ ಮೈಯ ಶಾಖವನ್ನೆಲ್ಲ ಹೀರುತ್ತದೆ. ಜೀನ್ಸ್ ಬದಲು ತೆಳು ಸಿಂಥೆಟಿಕ್ ಪ್ಯಾಂಟ್ ಹಾಕಿ, ಬೇಗ ಒಣಗುತ್ತದೆ. ಜಾಕೆಟ್‌ನ ಲೇಬಲ್‌ನಲ್ಲಿ ನೀರು ತಡೆಯುವ ಅಳತೆ ಮಿ.ಮೀ. ಲೆಕ್ಕದಲ್ಲಿ ಬರೆದಿರುತ್ತಾರೆ. 2,000 ಇದ್ದರೆ ಬ್ಯಾಗಿನ ಪಟ್ಟಿ ಒತ್ತುವ ಭುಜದಲ್ಲೇ ಮೊದಲು ನೀರು ಒಳಗಿಳಿಯುತ್ತದೆ. 10,000 ಇದ್ದರೆ ಎರಡು ದಿನಕ್ಕೆ ಧಾರಾಳ. ತಲಾ ಎರಡು ಜೊತೆ ಹೆಚ್ಚುವರಿ ಕಾಲುಚೀಲ, ಅವು ಪ್ಲಾಸ್ಟಿಕ್ ಕವರಿನೊಳಗೆ. ಶೂ ನೆನೆದರೆ ಹೀಟರ್ ಮೇಲೆ ಇಡಬೇಡಿ, ಸೋಲ್‌ನ ಅಂಟು ಬಿಡುತ್ತದೆ. ಒಳಗಿನ ಅಟ್ಟೆ ತೆಗೆದು ನ್ಯೂಸ್‌ಪೇಪರ್ ತುರುಕಿ, ಒಂದು ಗಂಟೆಗೊಮ್ಮೆ ಪೇಪರ್ ಬದಲಿಸಿದರೆ ಬೆಳಗ್ಗೆ ಹಾಕಿಕೊಳ್ಳುವಷ್ಟು ಒಣಗಿರುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಮಳೆ ಬಂದಾಗ ಒಳಾಂಗಣದಲ್ಲಿ ಏನಾದರೂ ನೋಡೋಣ ಅನ್ನುವ ಉಪಾಯ ನಿಮ್ಮೊಬ್ಬರಿಗೇ ಹೊಳೆಯುವುದಿಲ್ಲ, ಊರಿಗೆ ಬಂದವರೆಲ್ಲ ಅಲ್ಲಿಗೇ ನುಗ್ಗುತ್ತಾರೆ. ಮಿನಿಯಾಟೂರ್ ವುಂಡರ್‌ಲಾಂಡ್ (2001ರಲ್ಲಿ ಶುರುವಾದ ಪುಟ್ಟ ರೈಲುಗಳ ಲೋಕ) ಟಿಕೆಟ್ಟನ್ನು ಸಮಯ ಗೊತ್ತುಮಾಡಿ ಆನ್‌ಲೈನ್‌ನಲ್ಲಿ ಕೊಡುತ್ತದೆ. ಈ ಉತ್ತರ ಓದಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಇದೇ. ಐದು ಟಿಕೆಟ್ ಒಂದೇ ಹೊತ್ತಿಗೆ ಸಿಗದಿದ್ದರೆ ಬೆಳಗಿನ ಮೊದಲ ಪಾಳಿ ಅಥವಾ ರಾತ್ರಿ ಊಟದ ನಂತರದ್ದು ನೋಡಿ, ಮಧ್ಯಾಹ್ನದ್ದೇ ಮೊದಲು ಖಾಲಿಯಾಗುವುದು. ಮಕ್ಕಳ ಆಟ ಅಂತ ಮೂಗು ಮುರಿಯಬೇಡಿ. ಹದಿನೈದು ನಿಮಿಷಕ್ಕೊಮ್ಮೆ ಇಡೀ ಹಾಲ್ ಕತ್ತಲಾಗಿ ಬೆರಳುದ್ದದ ಮನೆಗಳಲ್ಲಿ ದೀಪ ಹತ್ತುತ್ತದೆ, ಆಟಿಕೆ ವಿಮಾನ ನಿಲ್ದಾಣದಲ್ಲಿ ವಿಮಾನ ರನ್‌ವೇ ಮೇಲೆ ಓಡಿ ಮೇಲೇಳುತ್ತದೆ. ಮೂರು ಗಂಟೆ ಇಟ್ಟುಕೊಳ್ಳಿ. ಸಿಗದೇಹೋದರೆ ರೈಲು ನಿಲ್ದಾಣದ ಪಕ್ಕದ ಕುನ್ಸ್ಟ್‌ಹಾಲೆ ಕಲಾ ಮ್ಯೂಸಿಯಂ ಇದೆ. ಮಂಜಿನ ಕಡಲಿಗೆ ಮುಖಮಾಡಿ, ನಮಗೆ ಬೆನ್ನು ಹಾಕಿ ಬಂಡೆ ಮೇಲೆ ನಿಂತವನ ಚಿತ್ರ ನೋಡಿರುತ್ತೀರಲ್ಲ, ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಶ್ ಬರೆದದ್ದು, ಅದು ಅಲ್ಲಿನ ಸಂಗ್ರಹದ್ದು. ವಿದ್ಯಾರ್ಥಿ ಕಾರ್ಡ್ ಕೈಯಲ್ಲಿರಲಿ.

ಹೋಗುವ ದಾರಿ ಗೊತ್ತೇ ಇರುತ್ತದೆ: ಸೆಮಿಸ್ಟರ್ ಟಿಕೆಟ್ಟೇ ಡಾಯ್ಚ್‌ಲಾಂಡ್ ಟಿಕೆಟ್ (ದೇಶದ ಲೋಕಲ್, ರೀಜನಲ್ ರೈಲು-ಬಸ್ಸುಗಳಿಗೆಲ್ಲ ನಡೆಯುವ ಪಾಸು) ಆಗಿದ್ದರೆ ರೀಜನಲ್ ರೈಲಿನಲ್ಲಿ ಊಲ್ಟ್ಸೆನ್‌ವರೆಗೆ, ಅಲ್ಲಿ ಬದಲಿಸಿ ಹ್ಯಾಂಬರ್ಗ್, ಒಟ್ಟು ಎರಡೂವರೆ ಗಂಟೆ ಅಂದುಕೊಳ್ಳಿ. ಊಲ್ಟ್ಸೆನ್‌ನಲ್ಲಿ ರೈಲಿಗೆ ಕಾಯುವುದಾದರೆ ಬೇಜಾರಿಲ್ಲ, ಆ ನಿಲ್ದಾಣವನ್ನು ಹುಂಡರ್ಟ್‌ವಾಸರ್ ಎಂಬ ಕಲಾವಿದನ ವಿನ್ಯಾಸದಂತೆ ಉಬ್ಬುತಗ್ಗಿನ ಕಂಬ, ಬಣ್ಣದ ಟೈಲ್ಸ್ ಹಾಕಿ ನವೀಕರಿಸಿದ್ದಾರೆ. ಹಿಂದಿನ ರಾತ್ರಿ ಒಮ್ಮೆ ಆ್ಯಪ್ ನೋಡಿ. ವಾರಾಂತ್ಯದಲ್ಲಿ ಹಳಿ ಕೆಲಸ ಇಟ್ಟುಕೊಂಡು ನಡುವೆ ಬಸ್ಸು ಹಾಕುವುದು ಮಾಮೂಲು. ಐವರಲ್ಲಿ ಯಾರ ಬಳಿಯಾದರೂ ಆ ಟಿಕೆಟ್ ಇಲ್ಲದಿದ್ದರೆ ನೀಡರ್‌ಸಾಕ್ಸೆನ್ ಟಿಕೆಟ್ (ಹ್ಯಾನೋವರ್ ಇರುವ ರಾಜ್ಯದ ಒಂದು ದಿನದ ಟಿಕೆಟ್) ಹ್ಯಾಂಬರ್ಗ್‌ವರೆಗೂ ನಡೆಯುತ್ತದೆ. ಫೋನಿನ ವಿಷಯ ಮರೆಯಬೇಡಿ: ಒದ್ದೆ ಬೆರಳಿಗೆ ಸ್ಕ್ರೀನ್ ಓಗೊಡುವುದಿಲ್ಲ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಟಿಕೆಟ್ ಅದರೊಳಗೇ ಇರುತ್ತದೆ. ಚೆಕಿಂಗ್‌ನವರಿಗೆ ಫೋನ್ ಸತ್ತಿದೆ ಅನ್ನುವುದು ಉತ್ತರವಲ್ಲ. ಐವರಿಗೆ ಒಂದು ಪವರ್ ಬ್ಯಾಂಕ್ ಸಾಲದು, ಎರಡು ಬೇಕು. ಟಿಕೆಟ್ ಜೊತೆ ಗುರುತಿನ ಚೀಟಿಯನ್ನೂ ಕೇಳುತ್ತಾರೆ.

ಊರಿನೊಳಗೆ ಮಳೆಯಲ್ಲೂ ಕೂತೇ ನೋಡುವ ಎರಡು ಸವಾರಿ ಅದೇ ಟಿಕೆಟ್‌ನಲ್ಲಿ ಆಗುತ್ತವೆ. ಒಂದು ಯು3 ಮೆಟ್ರೋ. ರಾಟ್‌ಹೌಸ್ ನಿಲ್ದಾಣದಿಂದ ಲಾಂಡುಂಗ್ಸ್‌ಬ್ರುಕೆನ್ (ದೋಣಿಗಳು ಹೊರಡುವ ದಕ್ಕೆ) ಕಡೆ ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ. ಸುರಂಗದಿಂದ ಹೊರಬಂದು ಕಂಬಗಳ ಮೇಲೇರುತ್ತಿದ್ದಂತೆ ಬಂದರು ಪೂರ್ತಿ ಎದುರಿಗೆ ಬರುತ್ತದೆ. ಇನ್ನೊಂದು 62ನೇ ನಂಬರಿನ ದೋಣಿ. ದುಡ್ಡು ಕೊಟ್ಟು ಹೋಗುವ ಬಂದರು ಪ್ರವಾಸದವರು ದಕ್ಕೆಯಲ್ಲಿ ಕೂಗಿ ಕರೆಯುತ್ತಾರೆ, ನೀವು ಸುಮ್ಮನೆ 3ನೇ ಸೇತುವೆಗೆ ನಡೆಯಿರಿ. ಫಿಂಕೆನ್‌ವೆರ್ಡರ್‌ವರೆಗೆ ಸುಮಾರು ಅರ್ಧ ಗಂಟೆ. ಹೋಗುವಾಗ ಬಲಕ್ಕೆ ಎಲ್ಬೆ ನದಿಯ ಹಳೆಯ ಮನೆಗಳ ದಂಡೆ, ಎಡಕ್ಕೆ ಕಂಟೇನರ್ ಕ್ರೇನುಗಳು. ಎಲ್ಲರೂ ಮೇಲಿನ ಬಯಲು ಡೆಕ್‌ಗೆ ಓಡುತ್ತಾರೆ. ಮಳೆಯಿದ್ದರೆ ಕೆಳಗೆ ಬೆಚ್ಚಗೆ ಕೂತು ಕೈವಸ್ತ್ರದಿಂದ ಕಿಟಕಿಯ ಮಂಜು ಒರೆಸುತ್ತಿರಿ. ಇಲ್ಲೊಂದು ಎಚ್ಚರ: ಲಾಂಡುಂಗ್ಸ್‌ಬ್ರುಕೆನ್ ತೇಲುವ ದಕ್ಕೆ, ಸಮುದ್ರದ ಉಬ್ಬರವಿಳಿತ ನದಿಯಲ್ಲಿ ಅಷ್ಟು ದೂರ ಒಳಬಂದು ನೀರನ್ನು ಮೂರೂವರೆ ಮೀಟರಿಗೂ ಹೆಚ್ಚು ಏರಿಳಿಸುತ್ತದೆ. ಇಳಿತದ ಹೊತ್ತಿಗೆ ದಡದಿಂದ ಇಳಿಯುವ ಸೇತುವೆ ಕಡಿದಾಗುತ್ತದೆ, ಮಳೆ ಸೇರಿದರೆ ಜಾರುಬಂಡಿ. ಕಂಬಿ ಹಿಡಿದೇ ಇಳಿಯಿರಿ.

ದೋಣಿಯಲ್ಲಿ ಲಾಂಡುಂಗ್ಸ್‌ಬ್ರುಕೆನ್‌ಗೆ ವಾಪಸು ಬಂದು ಇಳಿದರೆ ಅಲ್ಲೇ ಪಕ್ಕದಲ್ಲಿ ಎಲ್ಬೆಯ ಹಳೆ ಸುರಂಗ. 1911ರದ್ದು, 24 ಮೀಟರ್ ಆಳ, 426 ಮೀಟರ್ ಉದ್ದ, ನಡೆದು ಹೋಗುವವರಿಗೆ ಪುಕ್ಕಟೆ. ಗೋಡೆಯ ಮೇಲಿನ ಮೀನು-ಏಡಿಗಳ ಉಬ್ಬುಚಿತ್ರ ನೋಡುತ್ತ ಆ ದಡಕ್ಕೆ ಹೋದರೆ ಇಡೀ ಊರು ನೀರಿನಾಚೆ ಕಾಣುತ್ತದೆ. ಎಲ್ಬ್‌ಫಿಲ್‌ಹಾರ್ಮೊನಿ ಸಂಗೀತ ಭವನದ 37 ಮೀಟರ್ ಎತ್ತರದ ಜಗಲಿ ಚೆನ್ನಾಗಿದೆ, ಆದರೆ ಅದರ ಹೊರಸುತ್ತು ಗಾಳಿಗೆ ತೆರೆದುಕೊಂಡಿದೆ. ಗಾಳಿ ಜೋರಿದ್ದ ದಿನ ಮುಂದಕ್ಕೆ ಹಾಕಿ.

ನವೆಂಬರ್ ನಡುವೆ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತದೆ. ಹಾಗಾಗಿ ಬಯಲಲ್ಲಿ ನೋಡುವುದನ್ನು ಶನಿವಾರ ಮಧ್ಯಾಹ್ನ ಎರಡರಿಂದ ಐದರೊಳಗೆ ತುಂಬಿ, ಕೊನೆಯ ಒಂದು ಗಂಟೆ ಷ್ಪೈಕರ್‌ಷ್ಟಾಟ್‌ಗೆ ಮೀಸಲಿಡಿ. ಇಟ್ಟಿಗೆಯ ಹಳೆ ಗೋದಾಮುಗಳ ಓಣಿ ಅದು, 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿ ಮಾತ್ರ ಮಳೆಯೇ ಲಾಭ: ಒದ್ದೆ ಕಲ್ಲುಹಾಸಿನ ಮೇಲೆ ದೀಪದ ಬೆಳಕು ಹರಡಿ, ಒಣ ದಿನದಲ್ಲಿ ಸಪ್ಪೆಯಾಗಿ ಬರುವ ಫೋಟೋ ಹೊಳೆಯುತ್ತದೆ. ಪೊಗ್ಗೆನ್‌ಮ್ಯೂಲೆನ್ ಸೇತುವೆ ಮೇಲೆ ನಿಂತರೆ ಎರಡು ಕಾಲುವೆಗಳ ನಡುವೆ ಕೋಟೆಯಂಥ ಪುಟ್ಟ ಕಟ್ಟಡ ಕಾಣುತ್ತದೆ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷ, ಆಕಾಶ ಇನ್ನೂ ಕಡುನೀಲಿ ಇರುವಾಗ ತೆಗೆಯಿರಿ. ಪೂರ್ತಿ ಕಪ್ಪಾದರೆ ದೀಪಗಳು ಬಿಳಿ ಮಚ್ಚೆಗಳಾಗುತ್ತವೆ. ಲೆನ್ಸ್ ಮೇಲೆ ಒಂದು ಹನಿ ಇದ್ದರೂ ಸಾಕು, ಕೆಡುತ್ತದೆ. ಕನ್ನಡಕದ ಬಟ್ಟೆ ಜೇಬಿನಲ್ಲಿರಲಿ.

ಊಟಕ್ಕೆ ಮೀನಿನ ಬನ್ನು ಅಂತ ಎಲ್ಲರೂ ಹೇಳುತ್ತಾರೆ. ಸಸ್ಯಾಹಾರಿಗಳು ಶಾನ್ಸೆ ಬಡಾವಣೆಯ ಬೀದಿಗಳ ಫಲಾಫೆಲ್ ಅಂಗಡಿಗಳಿಗೋ, ಸ್ಟೇಷನ್ ಹಿಂದಿನ ಷ್ಟೈನ್‌ಡಾಮ್ ರಸ್ತೆಗೋ ಹೋದರೆ ಸಾಕಷ್ಟು ಸಿಗುತ್ತದೆ. ಬೆಳಗ್ಗೆ ಫ್ರಾನ್ಸ್‌ಬ್ರೋಟ್ಶೆನ್ ತಿನ್ನಿ, ದಾಲ್ಚಿನ್ನಿ, ಸಕ್ಕರೆ, ಬೆಣ್ಣೆ ಸುತ್ತಿ ಒತ್ತಿದ ಬನ್ನು, ಬಿಸಿ ಇದ್ದಾಗ ಅಂಚು ಗರಿಗರಿ. ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ, ಬ್ರೆಡ್ಡು, ಹಣ್ಣು ಶನಿವಾರವೇ ತಂದಿಡಿ.

ಭಾನುವಾರದ ಫಿಶ್‌ಮಾರ್ಕ್ಟ್ ಸಂತೆ ನವೆಂಬರ್‌ನಲ್ಲಿ ಬೆಳಗ್ಗೆ 7ರಿಂದ 9:30ರವರೆಗೆ ಮಾತ್ರ. ಐವರೂ ಏಳುವುದಿಲ್ಲ, ಎಬ್ಬಿಸುವ ಜಗಳ ಬೇಡ. ಇಷ್ಟವಿದ್ದವರು ಹೋಗಿ ಬರಲಿ, ಹತ್ತಕ್ಕೆ ಮುಖ್ಯ ರೈಲು ನಿಲ್ದಾಣದ ಮೇಲಿನ ಅಂಗಡಿಸಾಲಿನಲ್ಲಿ ಸೇರಿ. ಅದು ಮಳೆ ತಾಗದ ಜಾಗ. ಆದರೆ ಸ್ಟುರ್ಮ್‌ಫ್ಲೂಟ್ ಎಚ್ಚರಿಕೆ, ಅಂದರೆ ವಾಯವ್ಯದ ಗಾಳಿ ಕಡಲ ನೀರನ್ನು ನದಿಗೆ ತಳ್ಳುವ ಪ್ರವಾಹದ ಎಚ್ಚರಿಕೆ ಬಂದಿದ್ದರೆ ಆ ಸಂತೆಯ ಬಯಲೇ ನೀರಿನಡಿ ಹೋಗುತ್ತದೆ, ಆ ಕಡೆ ಸುಳಿಯಬೇಡಿ.

ವಾಪಸು ಬರಲು ಕೊನೆಯ ರೈಲು ನೆಚ್ಚಬೇಡಿ. ಬಿರುಗಾಳಿಗೆ ಹಳಿ ಮೇಲೆ ಮರ ಬಿದ್ದರೆ ಆ ಮಾರ್ಗ ಗಂಟೆಗಟ್ಟಲೆ ನಿಲ್ಲುತ್ತದೆ, ಡಾಯ್ಚ್‌ಲಾಂಡ್ ಟಿಕೆಟ್ ಇಟ್ಟುಕೊಂಡು ತಡವಾಯಿತೆಂದು ಐಸಿಇ (ದೂರದೂರುಗಳ ವೇಗದ ರೈಲು) ಹತ್ತುವ ಹಕ್ಕೂ ನಿಮಗಿಲ್ಲ. ನಾನಾದರೆ ನಾಲ್ಕರ ಆಸುಪಾಸಿನ ರೈಲಿಗೇ ಹೊರಡುತ್ತೇನೆ. ಹೇಗೂ ಅಷ್ಟೊತ್ತಿಗೆ ಕತ್ತಲು, ಕೂತ ಕೂಡಲೇ ಉಳಿಸಿಟ್ಟ ಒಣ ಕಾಲುಚೀಲ ಹಾಕಿಕೊಳ್ಳಬಹುದು.