ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ರಾಸ್ಪ್‌ಬೆರಿ ಪೈ ನಿಲ್ಲುವುದೇಕೆ?

ಪ್ರಶ್ನೆ: ಅಡಿಕೆ ತೋಟದ ಮಳೆ ಮತ್ತು ಉಷ್ಣಾಂಶವನ್ನು ದಾಖಲಿಸಲು ರಾಸ್ಪ್‌ಬೆರಿ ಪೈ 3ಬಿ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡನ್ನು 10,000 ಎಂಎಎಚ್ ಪವರ್ ಬ್ಯಾಂಕಿಗೆ ಜೋಡಿಸಿದ್ದೇನೆ. ಅರ್ಧ ಚಾರ್ಜ್ ಉಳಿದಿರುವಾಗಲೇ ಅದು ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಈಚೆಗೆ ಮೆಮೊರಿ ಕಾರ್ಡ್ ಕೂಡ ಕೆಟ್ಟಿತು. ಇನ್ನೂ ದೊಡ್ಡ ಪವರ್ ಬ್ಯಾಂಕ್ ಕೊಂಡರೆ ಸರಿಹೋದೀತೆ?
– ಓದುಗರು, ತೀರ್ಥಹಳ್ಳಿ

ಉತ್ತರ: ದೊಡ್ಡದನ್ನು ಕೊಂಡರೆ ಇದೇ ತೊಂದರೆ ಇನ್ನಷ್ಟು ಗಂಟೆ ಮುಂದುವರಿಯುತ್ತದೆ, ಅಷ್ಟೆ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಬೋರ್ಡಿಗೆ ತಲಪುವ ವೋಲ್ಟೇಜಿನಲ್ಲಿಯೇ ಕೊರತೆಯಿರುವಂತೆ ಕಾಣುತ್ತದೆ. ಪೈಗೆ 5 ವೋಲ್ಟ್ ಬೇಕು. ಅದು ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಮಾನಿಟರಿನ ಮೇಲೆ ಮಿಂಚಿನ ಗುರುತು ಮೂಡುತ್ತದೆ, ಮಾನಿಟರ್ ಇಲ್ಲದಿದ್ದರೆ ಸಿಸ್ಟಂ ಲಾಗ್‌ನಲ್ಲಿ ‘ಅಂಡರ್‌ವೋಲ್ಟೇಜ್’ ಎಂಬ ಸಾಲು ಸಿಗುತ್ತದೆ.

ಮೊದಲು ಅನುಮಾನಿಸಬೇಕಾದದ್ದು ಕೇಬಲ್ಲನ್ನು. ಅಗ್ಗದ ಯುಎಸ್‌ಬಿ ಕೇಬಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ 28 ಗೇಜಿನ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧವಿರುತ್ತದೆ. ಒಂದು ಮೀಟರ್ ಉದ್ದದ ಕೇಬಲ್ಲಿನಲ್ಲಿ ಕರೆಂಟು ಹೋಗುವ ತಂತಿ, ಹಿಂದಿರುಗುವ ತಂತಿ ಎರಡೂ ಸೇರಿದರೆ 0.42 ಓಮ್ ಆಯಿತು. ವೈಫೈ ಚುರುಕಾಗಿ 1 ಆಂಪಿಯರ್ ಎಳೆದ ಕ್ಷಣದಲ್ಲಿ 0.42 ವೋಲ್ಟ್ ದಾರಿಯಲ್ಲಿಯೇ ಸೋರಿಹೋಗಿ ಬೋರ್ಡಿಗೆ ಉಳಿಯುವುದು 4.58 ಮಾತ್ರ. ಅದೇ ಉದ್ದದ, ಆದರೆ ಹೆಚ್ಚು ದಪ್ಪನೆಯ 20 ಗೇಜಿನ ತಂತಿಯಲ್ಲಿ ನಷ್ಟ 0.07 ವೋಲ್ಟನ್ನು ದಾಟುವುದಿಲ್ಲ. ಬೋರ್ಡ್ ಕೆಲಸದಲ್ಲಿರುವಾಗ ಅದರ ಮೇಲಿನ ಜಿಪಿಐಒ ಎಂಬ ಪಿನ್ನುಗಳ ಸಾಲಿನಲ್ಲಿ 2 (5 ವೋಲ್ಟ್) ಮತ್ತು 6ನೆಯ (ಗ್ರೌಂಡ್) ಪಿನ್ನುಗಳ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ. ಪ್ರೋಬ್ ಜಾರಿ ಪಕ್ಕದ 1ನೆಯ ಪಿನ್ನಿಗೂ ತಾಗಿದರೆ 3.3 ವೋಲ್ಟಿನ ಕಡೆಗೆ 5 ವೋಲ್ಟ್ ನುಗ್ಗಿ ಬೋರ್ಡೇ ಹೋದೀತು, ಕೈ ಗಟ್ಟಿಯಿರಲಿ.

ಪವರ್ ಬ್ಯಾಂಕಿನ ಮೇಲೆ ಬರೆದಿರುವ 10,000 ಎಂಎಎಚ್ ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ, ಅಂದರೆ 37 ವ್ಯಾಟ್-ಗಂಟೆ. 5 ವೋಲ್ಟಿಗೆ ಏರಿಸುವ ನಷ್ಟ ಕಳೆದರೆ ಸಿಗುವುದು 31ರಷ್ಟು. ಇದಲ್ಲದೆ ಹಲವು ಪವರ್ ಬ್ಯಾಂಕುಗಳು ಚಾರ್ಜರ್ ಸಿಕ್ಕಿಸಿದಾಗ ಅಥವಾ ಕಿತ್ತಾಗ ಒಂದು ಕ್ಷಣ ಸರಬರಾಜನ್ನು ನಿಲ್ಲಿಸುತ್ತವೆ. ಮೊಬೈಲಿಗೆ ಅದು ತಿಳಿಯುವುದೂ ಇಲ್ಲ, ಪೈಗೆ ಅಷ್ಟೇ ಸಾಕು. ಆದ್ದರಿಂದ ತೋಟದಲ್ಲಿ ಶಾಶ್ವತವಾಗಿ ಇಡುವುದಕ್ಕೆ ಪವರ್ ಬ್ಯಾಂಕನ್ನು ನಾನು ಸೂಚಿಸುವುದಿಲ್ಲ.

12.8 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 3 ಆಂಪಿಯರ್ ಕೊಡಬಲ್ಲ ಬಕ್ ಕನ್ವರ್ಟರ್ (ವೋಲ್ಟೇಜನ್ನು ಇಳಿಸುವ ಸಾಧನ), ಸೋಲಾರ್ ಪ್ಯಾನೆಲ್ ಮತ್ತು ಚಾರ್ಜ್ ಕಂಟ್ರೋಲರ್ ಇಟ್ಟುಕೊಳ್ಳಿ. ಕನ್ವರ್ಟರನ್ನು ಬೋರ್ಡಿನ ಹತ್ತಿರವೇ ಇಟ್ಟು 5.1 ವೋಲ್ಟಿಗೆ ಹೊಂದಿಸಿ. ಪೈ ಸರಾಸರಿ 2 ವ್ಯಾಟ್ ಬಳಸುತ್ತದೆಂದುಕೊಂಡರೆ, ಆಷಾಢದಲ್ಲಿ ಬಿಸಿಲೇ ಕಾಣದ 3 ದಿನಕ್ಕೆ 144 ವ್ಯಾಟ್-ಗಂಟೆ ಬೇಕು. ಕನ್ವರ್ಟರಿನ ನಷ್ಟವನ್ನು ಸೇರಿಸಿ, ಬ್ಯಾಟರಿಯ 80 ಶೇಕಡಾವನ್ನಷ್ಟೇ ಬಳಸುವುದೆಂದರೆ 18 ಆಂಪಿಯರ್-ಗಂಟೆಯ ಬ್ಯಾಟರಿ ಸಾಲುತ್ತದೆ.

ಕಾರ್ಡ್ ಕೆಡಲು ಮುಖ್ಯ ಕಾರಣ ಬರವಣಿಗೆಯ ನಡುವೆ ಕರೆಂಟು ಹೋಗುವುದು. ಪೈಗೆ ಅನಲಾಗ್ ಇನ್‌ಪುಟ್ ಇಲ್ಲದ ಕಾರಣ ವೋಲ್ಟೇಜನ್ನು ಅಳೆದು ಅಂಕಿಯಾಗಿ ಕೊಡುವ ಎಡಿಎಸ್1115 ಚಿಪ್ಪನ್ನು ವೋಲ್ಟೇಜ್ ಡಿವೈಡರಿನ (ವೋಲ್ಟೇಜನ್ನು ತಗ್ಗಿಸುವ ಎರಡು ರೆಸಿಸ್ಟರುಗಳ ಜೋಡಿ) ಮೂಲಕ ಬ್ಯಾಟರಿಗೆ ಜೋಡಿಸಿ, 12 ವೋಲ್ಟಿಗೆ ಇಳಿದಾಗ ಕ್ರಮವಾಗಿ ಶಟ್‌ಡೌನ್ ಆಗುವಂತೆ ಒಂದು ಸಣ್ಣ ಸ್ಕ್ರಿಪ್ಟ್ ಬರೆಯಿರಿ. ಶಟ್‌ಡೌನ್ ಆದ ಪೈ ಮತ್ತೆ ತಾನಾಗಿ ಏಳುವುದಿಲ್ಲ. ಕನ್ವರ್ಟರನ್ನು ಚಾರ್ಜ್ ಕಂಟ್ರೋಲರಿನ ಲೋಡ್ ಟರ್ಮಿನಲ್ಲಿಗೆ ಕೊಟ್ಟು, ಅದರ ಕಟ್-ಆಫ್ ಮಟ್ಟವನ್ನು 12 ವೋಲ್ಟಿಗಿಂತ ಸ್ವಲ್ಪವೇ ಕೆಳಗಿಟ್ಟರೆ, ಬ್ಯಾಟರಿ ಅಲ್ಲಿಯವರೆಗೆ ಇಳಿದು ಮತ್ತೆ ತುಂಬಿದಾಗ ಸರಬರಾಜು ಹೊಸದಾಗಿ ಬಂದು ಬೋರ್ಡ್ ಶುರುವಾಗುತ್ತದೆ.

ಪ್ರಶ್ನೆ: ಮನೆಯ ಇನ್ವರ್ಟರಿನ 12 ವೋಲ್ಟ್ ಬ್ಯಾಟರಿಯಿಂದಲೇ ಪೈಗೆ ನೇರವಾಗಿ ವಿದ್ಯುತ್ ತೆಗೆಯಬಹುದೆ?
– ಓದುಗರು, ಹಾವೇರಿ

ಉತ್ತರ: ಬಕ್ ಕನ್ವರ್ಟರಿನ ಮೂಲಕ ತೆಗೆಯಬಹುದು. 230 ವೋಲ್ಟಿಗೆ ಏರಿಸಿ ಅಡಾಪ್ಟರಿನಲ್ಲಿ ಮತ್ತೆ ಇಳಿಸುವುದಕ್ಕಿಂತ ಅದು ಮಿತವ್ಯಯದ್ದೂ ಹೌದು. ಚಾರ್ಜ್ ಆಗುವಾಗ ಈ ಬ್ಯಾಟರಿ 14.4 ವೋಲ್ಟ್ ದಾಟುವುದುಂಟು, ಹಾಗಾಗಿ 20 ವೋಲ್ಟಿಗಿಂತ ಹೆಚ್ಚು ತಡೆಯಬಲ್ಲ ಕನ್ವರ್ಟರ್ ಇರಲಿ. ತಂತಿ ಶಾರ್ಟ್ ಆದರೆ ಇಂಥ ಬ್ಯಾಟರಿ ನೂರಾರು ಆಂಪಿಯರ್ ಹರಿಸಿಬಿಡುತ್ತದೆ. ಪಾಸಿಟಿವ್ ಟರ್ಮಿನಲ್ಲಿನಿಂದ ಗೇಣುದ್ದದೊಳಗೆ 3 ಆಂಪಿಯರಿನ ಫ್ಯೂಸ್ ಹಾಕಿಯೇ ಮುಂದಿನ ತಂತಿಯನ್ನು ಎಳೆಯಿರಿ.