ಮಾವನ ಹಳೆ ಯೆಜ್ಡಿ ರೋಡ್‌ಕಿಂಗ್ ಬೈಕ್ ರೆಸ್ಟೋರ್ ಮಾಡಿಸಲಾ, ಮಾರಲಾ? ನಮ್ಮ ವಯಸ್ಸಿನ ಹುಡುಗರಿಗೆ ಹಳೆ ಇಂಜಿನ್ ಹುಚ್ಚು ಮುಂದೆ ಇರುತ್ತಾ? ಅಂತ ಕೇಳಿದ್ದೀರಿ.

ವರ್ಷಗಟ್ಟಲೆ ಶೆಡ್ಡಲ್ಲಿ ನಿಂತ ಯೆಜ್ಡಿ, ಕೈಗೆ ಹೊಸದಾಗಿ ಬಂದ ಸಂಬಳ. ನಿಮ್ಮ ಹಾಗೆ ನನ್ನದೂ ಇದೇ ಕಥೆ, ಗಾಡಿ ಮಾತ್ರ ಅಪ್ಪನದು.

ನಾನು ಮೊದಲು ದುಡ್ಡು ಸುರಿದಿದ್ದು ಪೇಂಟ್ ಮತ್ತು ಕ್ರೋಮ್‌ಗೆ. ಟ್ಯಾಂಕ್, ಎರಡೂ ಸೈಲೆನ್ಸರ್ ಫಳಫಳ. ಇಂಜಿನ್ ಹೇಗೂ ಸ್ಟಾರ್ಟ್ ಆಗುತ್ತಿತ್ತು, ಬಿಚ್ಚುವುದು ಯಾಕೆ ಅಂತ ಬಿಟ್ಟೆ. ಕೆಟ್ಟಿದ್ದು ಅಲ್ಲೇ. ಯೆಜ್ಡಿಯದು ಟೂ ಸ್ಟ್ರೋಕ್ ಇಂಜಿನ್. ಅದರಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸೇ, ಅಂದರೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡದ ಗೂಡೇ, ಒಂದು ಪಂಪ್. ಪೆಟ್ರೋಲ್, ಆಯಿಲ್, ಗಾಳಿ ಎಲ್ಲ ಮೊದಲು ಅಲ್ಲಿಗೆ ಬಂದು ಆಮೇಲೆ ಮೇಲೆ ಹೋಗಬೇಕು. ಅದು ಗಾಳಿ ಆಡದಂತೆ ಬಿಗಿಯಾಗಿರಬೇಕು. ಬಿಗಿ ಇಡುವುದು ಕ್ರ್ಯಾಂಕ್‌ನ ಎರಡೂ ತುದಿಯ ಆಯಿಲ್ ಸೀಲ್ ಅನ್ನುವ ರಬ್ಬರ್ ಬಳೆ. ಗಾಡಿ ನಿಂತೇ ಇದ್ದರೆ ಆ ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ದಟ್ಟ ಹೊಗೆ ಬಿಡುತ್ತದೆ, ಬೀದಿಗೆಲ್ಲ ಗೊತ್ತಾಗುತ್ತದೆ. ಇನ್ನೊಂದು ಕಡೆಯದು ಹೋದರೆ ಹೊಗೆಯೇ ಇಲ್ಲ. ಸುಮ್ನೆ ಗಾಳಿ ಎಳೆಯುತ್ತದೆ. ಪೆಟ್ರೋಲ್ ಪಾಲು ಕಡಿಮೆ, ಅದರ ಜೊತೆ ಬರುವ ಆಯಿಲ್ಲೂ ಕಡಿಮೆ. ಇಂಜಿನ್ ವಿಪರೀತ ಬಿಸಿಯಾಗುತ್ತದೆ.

ಹೀಗೆ ಗಾಳಿ ಎಳೆಯುತ್ತಿರುವ ಸೂಚನೆಯನ್ನು ನನ್ನ ಗಾಡಿ ಕೊಟ್ಟಿತ್ತು. ಸಿಗ್ನಲ್‌ನಲ್ಲಿ ನಿಂತರೆ ಆಕ್ಸಿಲರೇಟರ್ ಮುಟ್ಟದೆಯೇ ರೇಸ್ ಏರುತ್ತಿತ್ತು. ನಾನು ಕಾರ್ಬೊರೇಟರ್ ಸ್ಕ್ರೂ ತಿರುಗಿಸಿ ಇಳಿಸಿದೆ, ಜಾಣ ಅಲ್ವಾ! ಮದ್ದೂರು ದಾಟಿದ ಮೇಲೆ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ಲಾಕ್. ಕ್ಲಚ್ ಹಿಡಿದಿದ್ದಕ್ಕೆ ಬೀಳಲಿಲ್ಲ. ಅಗ್ಗದ ರಬ್ಬರ್ ಉಳಿಸಲು ಹೋಗಿ ಸಿಲಿಂಡರ್ ಕೊರೆದು ಅಗಲ ಮಾಡುವ ಬೋರಿಂಗ್, ಅದಕ್ಕೆ ಹೊಂದುವ ಓವರ್‌ಸೈಜ್ ಪಿಸ್ಟನ್, ಕನೆಕ್ಟಿಂಗ್ ರಾಡ್, ಎಲ್ಲ ತೆತ್ತೆ. ಪೇಂಟ್ ಖರ್ಚು ಅದರ ಮುಂದೆ ಏನೂ ಅಲ್ಲ.

ದುಡ್ಡಿಗಿಂತ ಜಾಸ್ತಿ ಕಾಡಿದ್ದು, ಕ್ರ್ಯಾಂಕ್ ಪ್ರೆಸ್‌ನಲ್ಲಿ ಒತ್ತಿ ಜೋಡಿಸಿ, ಸಣ್ಣ ಓರೆಯನ್ನೂ ಅಳೆಯುವ ಡಯಲ್ ಗೇಜ್ ಇಟ್ಟು ನೇರ ಮಾಡುವವರು ಸಿಗದಿದ್ದುದು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ಕೆಲಸ ಕಲಿತವರಲ್ಲಿ ಕಿರಿಯರಿಗೂ ಈಗ ಐವತ್ತರ ಆಸುಪಾಸು.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹುಡುಗರಿಗೆ ಆಸಕ್ತಿ ಇಲ್ಲ ಅಂದವರು ಯಾರು? ಯಮಹಾ ಆರ್‌ಎಕ್ಸ್ 100 ಬೈಕ್ ತಯಾರಿಕೆ ನಿಂತಿದ್ದೂ 1996ರಲ್ಲೇ. ಇವತ್ತು ಅದಕ್ಕೆ ಬಾಯಿಗೆ ಬಂದ ರೇಟ್ ಕೊಡುವವರಲ್ಲಿ ಎಷ್ಟೋ ಜನ ಆಗ ಹುಟ್ಟೇ ಇರಲಿಲ್ಲ. ಹುಚ್ಚು ಬೇಕಾದಷ್ಟಿದೆ, ಕೈ ಕೊಳೆ ಮಾಡಿಕೊಳ್ಳುವವರಿಲ್ಲ. "ರೆಸ್ಟೋರ್ ಮಾಡಿಸಲಾ" ಅಂತ ಕೇಳಿದ್ದೀರಲ್ಲ, ಆ "ಮಾಡಿಸಲಾ" ನನಗೆ ಹಿಡಿಸಲಿಲ್ಲ. ಗ್ಯಾರೇಜ್‌ಗೆ ಬಿಟ್ಟು ಬರಬೇಡಿ. ಭಾನುವಾರ ಅಲ್ಲೇ ಕೂತು ಮೆಕ್ಯಾನಿಕ್ ಜೊತೆ ನೀವೂ ಬಿಚ್ಚಿ. ಅದಕ್ಕೆ ಒಪ್ಪದ ಮೆಕ್ಯಾನಿಕ್ ಬೇಡ. ಅದಕ್ಕೂ ಮನಸ್ಸಿಲ್ಲದಿದ್ದರೆ ಮಾರಿಬಿಡಿ, ಬೇಜಾರಿಲ್ಲ.

ಇಟ್ಟುಕೊಳ್ಳುವುದಾದರೆ ಮೊದಲು ಆರ್‌ಸಿ ನೋಡಿ. 15 ವರ್ಷ ಆದಮೇಲೆ 5 ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು. ವಿಂಟೇಜ್ ನೋಂದಣಿ ಮಾಡಿಸಿದರಾಯಿತು ಅನ್ನುವವರ ಮಾತು ಕೇಳಬೇಡಿ. 2021ರ ನಿಯಮದಲ್ಲಿ ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು, ರೋಡ್‌ಕಿಂಗ್ ಬಂದಿದ್ದೇ 1978ರಲ್ಲಿ. ಫೀಸ್ 20,000 ರೂಪಾಯಿ, ಮೇಲಾಗಿ ದಿನಾ ಓಡಿಸುವ ಹಾಗೂ ಇಲ್ಲ. ಆರ್‌ಸಿ ಸರಿ ಇದ್ದರೆ ಮುಂದಿನ ಖರ್ಚು ಸೀಲ್. ಪೇಂಟ್ ಎಲ್ಲಕ್ಕಿಂತ ಕೊನೆಗೆ.